ಕಿನುಯೊ ಅಜ್ಜಿಯ ಸೋಮಾರಿ ಕಲ್ಲು

"ಅಮ್ಮಾ, ಸ್ನಾನದ ಮನೆ ಅಜ್ಜಿ ಗೂಬೆನಾ?"

ಫುಕಿ ಇದನ್ನು ಕೇಳಿದ್ದು ತಲೆತುಂಬ ಸೋಪಿನ ನೊರೆ ಹೊತ್ತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಊರವರೆಲ್ಲ ಕಾಸು ಕೊಟ್ಟು ಮೀಯುವ ಚಿದೊರಿ ಸ್ನಾನದ ಮನೆಯ ಗಿಡ್ಡ ಮಣೆಯ ಮೇಲೆ ಕುಳಿತಿದ್ದಾಗ. ಐದು ವರ್ಷದವರಿಗೆ ಮೆಲ್ಲಗೆ ಮಾತಾಡುವ ವಿದ್ಯೆ ಇನ್ನೂ ಬಂದಿರುವುದಿಲ್ಲ. ಅದರ ಮೇಲೆ ಸ್ನಾನದ ಮನೆಯ ಗೋಡೆಗಳು ಒಂದು ಮಾತನ್ನು ಎರಡು ಮಾಡಿ ವಾಪಸು ಕೊಡುತ್ತವೆ. ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಹೊನಾಮಿಗೆ ಮಗಳ ತಲೆಯ ನೊರೆಯಲ್ಲೇ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು.

"ಶ್! ಹಾಗೆಲ್ಲ ಅನ್ಬಾರ್ದು. ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ಬೆಳಿಗ್ಗೆಯೆಲ್ಲ ಮಲಗಿರ್ತಾರೆ, ರಾತ್ರಿ ಮಾಡಿನ ಮೇಲೆ ಕೂತಿರ್ತಾರೆ. ಅದು ಗೂಬೆ ತಾನೇ?"

ಗಾಜಿನ ಬಾಗಿಲಿನಾಚೆ, ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎತ್ತರದ ಗಲ್ಲಾ ಮೇಲೆ ಕುಳಿತಿದ್ದ ಮುರೋಯಿ ಕಿನುಯೊಗೆ ಎಲ್ಲ ಕೇಳಿಸಿತ್ತು. ಎಪ್ಪತ್ತು ದಾಟಿದರೂ ಆಕೆಯ ಕಿವಿ ಚುರುಕು.

"ಅರ್ಧ ಗೂಬೆ ಕಣೇ ಪುಟ್ಟಿ!" ಎಂದು ಅಲ್ಲಿಂದಲೇ ಕೂಗಿದಳು. "ಇನ್ನರ್ಧ ಸ್ನಾನದ ಮನೆ ಯಜಮಾನಿ. ಅದಕ್ಕೇ ಎರಡು ಕಡೆಯಿಂದಲೂ ನಿದ್ದೆ ಖೋತಾ."

ಹೊನಾಮಿ ಈ ಪುಟ್ಟ ಬಂದರಿನ ಊರಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ದ್ವೀಪಗಳ ನಡುವೆ ಓಡಾಡುವ ಫೆರಿಯಲ್ಲಿ ಕೆಲಸಗಾರ; ವಾರದ ಅರ್ಧದಷ್ಟು ದಿನ ನೀರಿನ ಮೇಲೇ ಇರುತ್ತಾನೆ. ಬಾಡಿಗೆ ಮನೆಯ ಸ್ನಾನದ ತೊಟ್ಟಿ ಎಷ್ಟು ಚಿಕ್ಕದೆಂದರೆ ತಾಯಿ ಕುಳಿತರೆ ಮಗಳು ಹೊರಗೆ, ಮಗಳು ಕುಳಿತರೆ ಆಟಿಕೆ ಹೊರಗೆ. ಹಾಗಾಗಿ ಚಿದೊರಿಗೆ ಹೋಗುವ ರೂಢಿಯಾಯಿತು. ಎರಡು ವರ್ಷದಲ್ಲಿ ಅವಳನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಎಲ್ಲರಿಗೂ ಅವಳು "ಫುಕಿ ಅಮ್ಮ". ಬೆತ್ತಲೆ ಕುಳಿತು ಬೆನ್ನುಜ್ಜಿಕೊಡುವಷ್ಟು ಸಲಿಗೆಯಿದ್ದರೂ ಹೆಸರು ಮಾತ್ರ ಬಟ್ಟೆಯ ಬುಟ್ಟಿಯಲ್ಲೇ ಉಳಿದಿತ್ತು.

ಮಗಳಿಗೆ ಉತ್ತರ ಕೊಡಬೇಕೆಂದು ಹೊನಾಮಿ ಅವತ್ತಿನಿಂದ ಅಜ್ಜಿಯ ಕತೆಯನ್ನು ಒಂದೊಂದೇ ಚೂರು ಕೂಡಿಸತೊಡಗಿದಳು. ಅರ್ಧ ಕತೆ ಅಜ್ಜಿಯಿಂದ, ಇನ್ನರ್ಧ ತೊಟ್ಟಿಯಲ್ಲಿ ಕುಳಿತ ಮೀನಂಗಡಿಯ ಹೆಂಗಸು ಇಸೊಗಾಯಿಯಿಂದ.

ಕಿನುಯೊ ಹುಟ್ಟಿದ್ದು ಇದೇ ಸ್ನಾನದ ಮನೆಯಲ್ಲಿ. ಬಾಲ್ಯದಲ್ಲಿ ಅವಳ ಕೆಲಸ ಮಾಡಿನ ಮೇಲೆ ಟವೆಲ್ ಒಣಹಾಕುವುದು. ಸಂಜೆ ಅವನ್ನು ತೆಗೆಯಲು ಹೋದ ಹುಡುಗಿ ಕೆಳಗಿಳಿಯುವುದೇ ಮರೆತುಬಿಡುತ್ತಿದ್ದಳಂತೆ. ಟವೆಲ್ಲುಗಳು ಇಬ್ಬನಿಗೆ ಮತ್ತೆ ಒದ್ದೆಯಾಗುತ್ತಿದ್ದವಂತೆ. ಗಂಡುಮಕ್ಕಳಿಲ್ಲದ ಮನೆ. ಗೆನ್ಪಾಚಿ ಮನೆಯಳಿಯನಾಗಿ ಬಂದು ಒಲೆಯ ಮುಂದೆ ಕುಳಿತ. ಬೆಟ್ಟದ ಆಚೆಯ ಶಾಲೆ ಮುಚ್ಚಿದಾಗ ಅಲ್ಲಿ ಯಾರಿಗೂ ಬೇಡವಾಗಿದ್ದ ದೂರದರ್ಶಕವೊಂದನ್ನು ಕಿನುಯೊ ಕೇಳಿ ತಂದಳು. ಅದನ್ನು ಬೆನ್ನ ಮೇಲೆ ಹೊತ್ತು ಮಾಡು ಹತ್ತಿದವನು ಗೆನ್ಪಾಚಿ. ಹತ್ತುವಷ್ಟು ಹೊತ್ತೂ ಬೈದ. ಹತ್ತಿದ ಮೇಲೆ ಹಳೆಯ ಜಾರುಬಾಗಿಲಿನ ಹಳಿ ಜೋಡಿಸಿ, ಕೈಯಿಂದ ತಳ್ಳಿದರೆ ಮಾಡು ಸರಿಯುವಂಥ ಹಲಗೆಯ ಗೂಡನ್ನೂ ತಾನೇ ಕಟ್ಟಿಕೊಟ್ಟ.

"ಮದ್ವೆ ಆಗಿ ಬಂದಾಗ ಇವಳಿಗೆ ಬೇರೆ ಚಟ ಏನಾದ್ರೂ ಉಂಟಾ ಅಂತ ಕೇಳಿದ್ದೆ. ಏನೂ ಇಲ್ಲ ಅಂದಿದ್ರು ಮಾವ," ಎನ್ನುತ್ತಿದ್ದ ಮುದುಕ, ಒಲೆಮನೆಯ ಕಿಟಕಿಯಿಂದ ತಲೆ ಹೊರಹಾಕಿ.

ಫಿಲಂ ಹಾಕಿ ಚಿತ್ರ ತೆಗೆಯುತ್ತಿದ್ದ ಕಾಲ ಅದು. ಸ್ನಾನದ ಮನೆ ಬಾಗಿಲು ಹಾಕಿ, ಚಿಮಣಿ ತಣ್ಣಗಾದ ಮೇಲೆ ಕಿನುಯೊ ಮೇಲೆ ಹೋಗಿ ಆಕಾಶದ ಒಂದೇ ಜಾಗವನ್ನು ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಹಿಡಿಯುತ್ತಿದ್ದಳು. ಮರುದಿನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಎಲ್ಲ ಚುಕ್ಕಿಗಳೂ ಇದ್ದಲ್ಲೇ ಇರುತ್ತವೆ. ಒಂದು ಚಳಿಗಾಲದಲ್ಲಿ ಒಂದು ಚುಕ್ಕಿ ಮಾತ್ರ ಇದ್ದಲ್ಲಿರಲಿಲ್ಲ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಲೆಕ್ಕವಿಲ್ಲದ ಕಲ್ಲುಗಳಲ್ಲಿ ಅದೊಂದು. ಯಾರೂ ಅದುವರೆಗೆ ನೋಡದೆ ಇದ್ದದ್ದು. ಅದರ ದಾರಿ ಪಕ್ಕಾ ಆಗುವವರೆಗೆ ವರ್ಷಗಳು ಕಳೆದವು. ಆಮೇಲೆ ಹೆಸರಿಡುವ ಹಕ್ಕು ಕಂಡುಹಿಡಿದವಳಿಗೇ ಬಂತು.

"ಊರೇ ಬಾಲ ಅಲ್ಲಾಡಿಸ್ತಾ ಬಂತು ಕಣೇ," ಎಂದು ಇಸೊಗಾಯಿ ನೆನಪಿಸಿಕೊಂಡಳು. "ನಾನೂ ಎರಡು ಒಳ್ಳೇ ಮೀನು ತಗೊಂಡು ಹೋಗಿದ್ದೆ, ನನ್ ಹೆಸರು ಇಡಲಿ ಅಂತ. ಮೀನು ಸುಟ್ಟು ತಿಂದ್ಲು. ಹೆಸರು ಮಾತ್ರ ಯುಬುನೆ ಅಂತ ಇಟ್ಲು!"

ಯುಬುನೆ ಎಂದರೆ ಸ್ನಾನದ ತೊಟ್ಟಿ. ಎಲ್ಲರೂ ಇಳಿದು ಕೂರುವ ಜಾಗದ ಹೆಸರಿಟ್ಟರೆ ಯಾರಿಗೂ ಬೇಸರವಾಗುವುದಿಲ್ಲ ಎಂದು ಕಿನುಯೊಳ ಲೆಕ್ಕ.

ಆ ಕಲ್ಲಿಗೆ ದಿನವೆಷ್ಟು ಉದ್ದ ಎನ್ನುವುದೊಂದನ್ನು ಮಾತ್ರ ಅವಳು ಇಷ್ಟು ವರ್ಷವಾದರೂ ಹೇಳಲಾರದೆ ಹೋಗಿದ್ದಳು. ಆಕಾಶದ ಕಲ್ಲುಗಳೆಲ್ಲ ತಮ್ಮ ಸುತ್ತ ತಾವೇ ಉರುಳುತ್ತಿರುತ್ತವೆ. ಉರುಳುವಾಗ ಅಗಲದ ಮೈ ಕಂಡರೆ ಬೆಳಕು ಏರುತ್ತದೆ, ಕಿರಿದಾದ ಮೈ ಕಂಡರೆ ಇಳಿಯುತ್ತದೆ. ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಯುಬುನೆ ಮಾತ್ರ ಏರದು, ಇಳಿಯದು. ಇಡೀ ರಾತ್ರಿ ನೋಡಿದರೂ ಒಂದೇ ಬೆಳಕು. ಅದರ ಬಣ್ಣ ನೋಡಿದ ಪಂಡಿತರು ಇದ್ದಿಲಿನಂಥದ್ದಲ್ಲ, ಲೋಹದ್ದಲ್ಲ, ಬರೀ ಕಲ್ಲು ಎಂದಿದ್ದರು. ಊರವರು ಅದಕ್ಕೆ ಸೋಮಾರಿ ಕಲ್ಲು ಎಂದು ಅಡ್ಡಹೆಸರಿಟ್ಟಿದ್ದರು.

"ಇದೇ ಕೊನೇ ಚಳಿಗಾಲ," ಎಂದು ಕಿನುಯೊ ಒಂದು ಸಂಜೆ ಫುಕಿಯ ತಲೆ ಒರೆಸುತ್ತಾ ಹೊನಾಮಿಗೆ ಹೇಳಿದಳು. "ಫೆಬ್ರವರಿ ಕೊನೇಲಿ ಮಾಡಿನ ಮೇಲೆ ಬಿಸಿಲಿನಿಂದ ನೀರು ಕಾಯಿಸೋ ಹಲಗೆ ಹಾಕಿಸ್ತೀವಿ. ಗೂಡು ತೆಗೀಬೇಕು. ಈ ಮುದುಕನ ಬೆನ್ನು ಇನ್ನು ಸೌದೆ ಹೊರಲ್ಲ, ನಾನೇ ಒಪ್ಕೊಂಡಿದೀನಿ. ಅಷ್ಟರೊಳಗೆ ನನ್ನ ಕಲ್ಲು ಉರುಳತ್ತಾ ಇಲ್ವಾ ಅಂತ ಒಂದು ಗೊತ್ತಾಗಿಬಿಟ್ರೆ ಸಾಕು."

"ಉರುಳ್ದೇ ಇದ್ರೆ?" ಎಂದಳು ಫುಕಿ.

"ಉರುಳ್ದೇ ಇರೋ ಕಲ್ಲು ಇಲ್ಲ ಪುಟ್ಟಿ. ನನಗೆ ನೋಡೋಕೆ ಬರ್ತಿಲ್ಲ ಅಷ್ಟೆ."

ಆ ದನಿಯಲ್ಲಿ ನಗು ಇತ್ತು. ಆದರೆ ಆಗಲೇ ಒಣಗಿದ್ದ ತಲೆಯನ್ನು ಅವಳು ಮತ್ತೊಮ್ಮೆ ಒರೆಸಿದ್ದನ್ನು ಹೊನಾಮಿ ಗಮನಿಸಿದಳು.

ಅಕ್ಟೋಬರಿನ ನಡುವೆ ಫುಕಿಗೆ ಮಂಗಬಾವು ಬಂತು. ಎರಡು ಕೆನ್ನೆಯೂ ಊದಿ ಮಗು ಕಡುಬಿನಂತಾಯಿತು. ವಾಸಿಯಾದ ಮೇಲೆ ಹೊನಾಮಿ ಅವಳನ್ನು ಕರೆದುಕೊಂಡು ತವರಿಗೆ ಹೋದಳು. ಅಂತೂ ಚಿದೊರಿಯ ಪರದೆ ಸರಿಸಿ ಅವರಿಬ್ಬರೂ ಮತ್ತೆ ಒಳಗೆ ಕಾಲಿಟ್ಟಾಗ ನವೆಂಬರ್ ಮುಗಿಯುತ್ತಾ ಬಂದಿತ್ತು.

ಮೈ ತೊಳೆದುಕೊಂಡು ಫುಕಿ ಎಂದಿನಂತೆ ಓಡಿ ತೊಟ್ಟಿಗೆ ಕಾಲಿಟ್ಟಳು. ಇಟ್ಟವಳೇ ಊರಿಗೆಲ್ಲ ಕೇಳುವಂತೆ ಕಿರುಚಿದಳು.

"ಸುಡತ್ತೆ! ಅಮ್ಮಾ, ಸುಡತ್ತೆ!"

ಹೊನಾಮಿ ಮಗುವಿನ ಕಾಲನ್ನು ತಣ್ಣೀರಿಗೆ ಹಿಡಿದು, ತಾನೇ ತೊಟ್ಟಿಗೆ ಕೈ ಇಟ್ಟು ನೋಡಿದಳು. ಕೈ ಸರಕ್ಕನೆ ಹಿಂದೆ ಬಂತು. ಒಳಗೆ ಇಸೊಗಾಯಿಯೂ ಇನ್ನಿಬ್ಬರೂ ಬೇಯಿಸಿದ ಏಡಿಗಳಂತೆ ಕೆಂಪಗೆ, ನೆಮ್ಮದಿಯಾಗಿ ಕುಳಿತಿದ್ದರು.

"ಹೋದ್ಸಲ ಬಂದಾಗ ಇಷ್ಟು ಬಿಸಿ ಇರ್ಲಿಲ್ಲ," ಎಂದಳು ಹೊನಾಮಿ ಸಂಕೋಚದಿಂದ.

"ಏನ್ ಹೇಳ್ತೀಯೇ ಫುಕಿ ಅಮ್ಮ? ನಿನ್ನೆ ಹ್ಯಾಗಿತ್ತೋ ಇವತ್ತೂ ಹಾಗೇ ಇದೆ. ನಿನ್ನೆಗಿಂತ ಒಂಚೂರು ತಣ್ಣಗೇ ಇದೆ ಅಂತ ಈಗ್ತಾನೆ ಹೇಳ್ತಿದ್ದೆ."

"ಮೊನ್ನೆನೂ ಹೀಗೇ ಇತ್ತು," ಎಂದು ಇನ್ನೊಬ್ಬಳು ದನಿಗೂಡಿಸಿದಳು.

"ನಿನ್ನೆ ಹಾಗೇ ಕಾಯಿಸಿದೀನಿ!" ಒಲೆಮನೆಯ ಕಿಟಕಿಯಿಂದ ಗೆನ್ಪಾಚಿಯ ತಲೆ ಬಂತು, ಹೆಂಗಸರೆಲ್ಲ "ಹೋಗಯ್ಯಾ ಆ ಕಡೆ!" ಎಂದು ನೀರೆರಚಿದರು. ತಲೆ ಮಾಯವಾಯಿತು, ದನಿ ಮಾತ್ರ ಉಳಿಯಿತು. "ದಿನಾ ಮೊಣಕೈ ಅದ್ದಿ ನಿನ್ನೆದಕ್ಕೆ ಸರಿ ಮಾಡ್ತೀನಿ. ನನ್ ಮೊಣಕೈಗೆ ಐವತ್ತು ವರ್ಷದ ಅನುಭವ!"

ಹೊನಾಮಿ ವಾದ ಮಾಡುವವಳಲ್ಲ. ಆದರೆ ಮಗುವಿನ ಕಾಲು ಕೆಂಪಾಗಿತ್ತು. ಅವಳ ಚೀಲದ ತಳದಲ್ಲಿ, ಫುಕಿ ಕೂಸಾಗಿದ್ದಾಗಿನಿಂದ ಬಿದ್ದುಕೊಂಡಿದ್ದ ಬಾತುಕೋಳಿಯೊಂದಿತ್ತು. ಹೊಟ್ಟೆಯಲ್ಲಿ ಥರ್ಮಾಮೀಟರ್ ಇರುವ ಪ್ಲಾಸ್ಟಿಕ್ ಬಾತು. ಅದನ್ನು ತಂದು ತೊಟ್ಟಿಗೆ ಬಿಟ್ಟಳು. ಬಾತುಕೋಳಿ ಇಸೊಗಾಯಿಯ ಮೂಗಿನ ಮುಂದೆ ಗಂಭೀರವಾಗಿ ತೇಲಿತು. ಎಲ್ಲರೂ ಬಾಗಿ ನೋಡಿದರು.

ನಲವತ್ತಾರು ಡಿಗ್ರಿ.

"ಅಯ್ಯೋ ದೇವ್ರೇ," ಎಂದಳು ಇಸೊಗಾಯಿ. "ನನ್ನನ್ನೇ ಸಾರಿಗೆ ಹಾಕಿದ್ರಲ್ಲೋ!" ಎಂದು ಎದ್ದವಳು ಹೊರಗೆ ಬಂದು ತಣ್ಣೀರು ಸುರಿದುಕೊಂಡಳು. ಅಲ್ಲಿಯವರೆಗೆ ಹಾಯಾಗಿದ್ದ ಹೆಂಗಸರಿಗೆ ಅಂಕಿ ಕಂಡದ್ದೇ ಮೈಯೆಲ್ಲ ಉರಿಯತೊಡಗಿತು.

ಕೂಗಾಟ ಕೇಳಿ ಕಿನುಯೊ ಗಲ್ಲಾದಿಂದ ಇಳಿದು ಒಳಗೆ ಬಂದಳು. ಮೊದಲು ಫುಕಿಯ ಕಾಲು ನೋಡಿದಳು, ಹೊನಾಮಿಗೆ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

"ಏನ್ರೀ, ಬೇಸಿಗೇಲಿ ಥರ್ಮಾಮೀಟರ್ ಒಡೀತು ಅಂದ್ರಲ್ಲ, ಹೊಸದು ತಂದ್ರಾ?"

"ಯಾಕೆ ತರ್ಬೇಕು? ದಿನಾ ಇವ್ರು 'ನಿನ್ನೆಗಿಂತ ಒಂಚೂರು ಕಮ್ಮಿ' ಅಂತಾರೆ. ನಾನು ಒಂಚೂರು ಏರಿಸಿ ನಿನ್ನೆದಕ್ಕೆ ಕೂಡಿಸ್ತೀನಿ. ನಿನ್ನೆದಕ್ಕೂ ಇವತ್ತಿಗೂ ವ್ಯತ್ಯಾಸವೇ ಇಲ್ಲ!"

"ದಿನಾ ನಿನ್ನೆದಕ್ಕೆ ಕೂಡಿಸಿದ್ರಿ," ಎಂದಳು ಕಿನುಯೊ ನಿಧಾನವಾಗಿ. "ಒಬ್ಬರಿಗೂ ಗೊತ್ತಾಗ್ಲಿಲ್ಲ. ಒಂದು ತಿಂಗಳಿಗೂ ಮೇಲೆ ಬರದೇ ಇದ್ದ ಮಗೂಗೆ ಗೊತ್ತಾಯ್ತು."

ಹಾಗೆಂದವಳು ಅಲ್ಲೇ ಬೋರಲು ಬಿದ್ದಿದ್ದ ಹಳದಿ ಬಕೆಟ್ಟಿನ ಮೇಲೆ ಕುಳಿತುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಅಲುಗತೊಡಗಿತು. ಹೊನಾಮಿ ಗಾಬರಿಯಾಗಿ ಹತ್ತಿರ ಹೋದಳು. ಅಜ್ಜಿ ಅಳುತ್ತಿರಲಿಲ್ಲ, ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ನಾನೂ ಅದನ್ನೇ ಮಾಡಿದೀನಿ ಕಣಮ್ಮಾ! ನನ್ನ ಕಲ್ಲಿಗೆ ನಾನೂ ಅದನ್ನೇ ಮಾಡಿದೀನಿ!"

ಯಾರಿಗೂ ಏನೂ ಅರ್ಥವಾಗಲಿಲ್ಲ. ನಗು ತಡೆದುಕೊಂಡು ಅವಳೇ ಬಿಡಿಸಿ ಹೇಳಿದಳು. "ಕಲ್ಲು ಎಷ್ಟು ಬೆಳಗ್ತಿದೆ ಅಂತ ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಅಳೀತೀನಿ. ಕಲ್ಲು ನಡೀತಾ ಹೋಗತ್ತಲ್ಲ, ದಿನಾ ಪಕ್ಕದ ಮನೆಯವರು ಬದಲಾಗ್ತಾರೆ. ಇವತ್ತಿನ ಅಳತೆ ನಿನ್ನೆಗಿಂತ ಒಂಚೂರು ಕಮ್ಮಿ ಬಂದ್ರೆ ಅದು ಪಕ್ಕದ ಮನೆಯವರ ತಪ್ಪು ಅಂದ್ಕೊಂಡು, ಎತ್ತಿ ನಿನ್ನೆದಕ್ಕೆ ಕೂಡಿಸಿಬಿಡ್ತಿದ್ದೆ. ಟವೆಲ್ ಅಂಚಿಗೆ ಅಂಚು ಕೂಡಿಸಿ ಮಡಿಸ್ತೀವಲ್ಲ, ಹಾಗೆ. ನೀಟಾಗಿ! ಚಿತ್ರದಲ್ಲಿ ಮಂಕಾಗಿ ಕಂಡ್ರೆ, ದೂರ ಹೋಗ್ತಿದೆ ಪಾಪ ಅಂತಿದ್ದೆ. ಅದು ದಿನಕ್ಕೆ ಒಂದೇ ಒಂದು ಚೂರು ಮಗ್ಗುಲು ಬದಲಾಯಿಸ್ತಿದ್ರೆ? ಆ ಒಂದು ಚೂರನ್ನೇ ನಾನು ದಿನಾ ಅಳಿಸಿ ಹಾಕಿದೀನಿ."

"ಅಂದ್ರೆ ಕಲ್ಲು ಸೋಮಾರಿ ಅಲ್ವಾ?" ಎಂದಳು ಫುಕಿ, ಕಾಲು ನೋವು ಮರೆತು.

"ಸೋಮಾರಿನೇ ಇರ್ಬೇಕು. ಆದ್ರೆ ಸತ್ತಿಲ್ಲ!"

ಅವತ್ತು ತೊಟ್ಟಿಗೆ ತಣ್ಣೀರು ಬಿಟ್ಟರು. ಗೆನ್ಪಾಚಿ ಫುಕಿಗೆ ಹಣ್ಣಿನ ಹಾಲು ಕೊಡಿಸಿ, ತನ್ನ ಮೊಣಕೈಯನ್ನು ಬೈದುಕೊಂಡ. ಹೊಸ ಥರ್ಮಾಮೀಟರ್ ಬರುವವರೆಗೆ ಬಾತುಕೋಳಿ ಅಲ್ಲೇ ಕೆಲಸಕ್ಕೆ ನಿಂತಿತು.

ಫಿಲಂ ಕಾಲ ಎಂದೋ ಮುಗಿದಿತ್ತು, ಇತ್ತೀಚಿನ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ಕಿನುಯೊ ಬೆಳಗಿನ ನಿದ್ದೆ ಬಿಟ್ಟು ಒಂದೊಂದನ್ನೂ ಮತ್ತೆ ಅಳೆದಳು. ಈ ಸಲ ನಿನ್ನೆದಕ್ಕೆ ಕೂಡಿಸದೆ, ಬೆಳಕು ಇಷ್ಟೇ ಎಂದು ಎಲ್ಲರೂ ಒಪ್ಪಿದ ನಕ್ಷತ್ರಗಳಿಗೆ ಹಿಡಿದು, ದೂರದ ಲೆಕ್ಕ ಬೇರೆ ತೆಗೆದು. ಹೊನಾಮಿ ಫುಕಿಯನ್ನು ಶಿಶುವಿಹಾರಕ್ಕೆ ಬಿಟ್ಟು ಬರುವಾಗ ಒಂದು ಡಬ್ಬಿಯಲ್ಲಿ ಅನ್ನದ ಉಂಡೆ, ಬೇಯಿಸಿದ ಮೂಲಂಗಿ ಹಾಕಿ ಕೊಟ್ಟು ಬರುತ್ತಿದ್ದಳು. ಕೆಲಸದಲ್ಲಿ ಮುಳುಗಿದ ಮುದುಕಿ ಊಟ ಬಿಡುತ್ತಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ನೋಡಿದರೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಡಬ್ಬಿ ಕೊಡಲು ಹೋದಾಗ ಕಿನುಯೊ ಅವಳ ತೋಳು ಹಿಡಿದು ಒಳಗೆಳೆದಳು.

"ನೋಡು, ನೋಡು."

ಕಂಪ್ಯೂಟರ್ ಪರದೆಯ ಮೇಲೆ ಚುಕ್ಕಿಗಳ ಸಾಲು. ಮೊದಲು ಗೆರೆ ಎಳೆದಂತೆ ಮಟ್ಟಸವಾಗಿದ್ದದ್ದು ಈಗ ಕಣಿವೆಯಂತೆ ಇಳಿದು, ತಳ ಮುಟ್ಟಿ, ಮತ್ತೆ ದಿಬ್ಬ ಹತ್ತಿತ್ತು. ಮಳೆಯ ದಿನಗಳ ಜಾಗದಲ್ಲಿ ಹಲ್ಲು ಬಿದ್ದಂತೆ ಖಾಲಿ. ಆದರೂ ಇಳಿದದ್ದು, ಹತ್ತಿದ್ದು ಸ್ಪಷ್ಟ. ಹೊನಾಮಿಗೆ ಆಕಾಶದ ವಿಷಯ ತಿಳಿಯದು. ತವರಿಂದ ಬಂದ ದಿನ ಫುಕಿಯ ಹಳೇ ಅಂಗಿ ಗಿಡ್ಡವಾಗಿದ್ದದ್ದು ಅವಳಿಗೆ ನೆನಪಾಯಿತು. ದಿನಾ ನೋಡುವವರಿಗೆ ಮಗು ಬೆಳೆಯುವುದೇ ಇಲ್ಲ.

"ಉದ್ದಗಿದೆ ಕಣಮ್ಮ ನನ್ನ ಕಲ್ಲು. ಗುಂಡಗಲ್ಲ, ಗೆಣಸಿನ ಹಾಗೆ! ಮಲಗಿದ ಮೈ ಕಾಣೋವಾಗ ಬೆಳಕು, ತುದಿ ಕಾಣೋವಾಗ ಮಂಕು. ಅದರ ಒಂದು ದಿನ ಅಂದ್ರೆ ನಮ್ಮ ಎರಡು ತಿಂಗಳಿಗೂ ಮೇಲೆ."

ಆ ಸುದ್ದಿ ಸಂಜೆಯೊಳಗೆ ಗಂಡಸರ ತೊಟ್ಟಿಗೂ ಹೆಂಗಸರ ತೊಟ್ಟಿಗೂ ಹಬ್ಬಿತು. ನಡುಗೋಡೆಯ ಮೇಲಿನಿಂದ ಮಾತುಗಳು ಹಾರಾಡಿದವು. "ಎರಡು ತಿಂಗಳಾ? ಅಲ್ಲಿ ಮೀನಂಗಡಿ ಇಟ್ರೆ ಸಂಜೆ ಹೊತ್ತಿಗೆ ಮೀನೆಲ್ಲ ಕೊಳೆತು ಹೋಗತ್ತೆ!" ಎಂದಳು ಇಸೊಗಾಯಿ. "ನನ್ನ ಹೆಸರು ಇಡ್ದೇ ಇದ್ದದ್ದೇ ಒಳ್ಳೇದಾಯ್ತು."

"ಅಲ್ಲಿ ಎರಡು ತಿಂಗಳಿಗೊಂದ್ಸಲ ಹಲ್ಲುಜ್ಜಿದ್ರೆ ಸಾಕು," ಎಂದು ಫುಕಿ ಘೋಷಿಸಿದಳು. ಗೋಡೆಯಾಚೆಯ ಗಂಡಸರೂ ಚಪ್ಪಾಳೆ ತಟ್ಟಿದರು.

ಚಳಿಗಾಲದ ಅತಿ ಚಿಕ್ಕ ಹಗಲು ಬಂತು. ಅವತ್ತು ತೊಟ್ಟಿಯಲ್ಲಿ ಯುಜು ಹಣ್ಣು ತೇಲಿಬಿಡುವ ದಿನ. ಆ ನೀರಲ್ಲಿ ಮಿಂದರೆ ವರ್ಷವಿಡೀ ಶೀತವಿಲ್ಲ ಎಂದು ಊರಿಗೆ ಊರೇ ಬರುತ್ತದೆ. ನಿಂಬೆಯಂಥ ಪರಿಮಳ ಬೀದಿಯವರೆಗೂ ಬಂದಿತ್ತು. ಫುಕಿ ತೇಲುವ ಹಣ್ಣುಗಳನ್ನು ಅಟ್ಟಾಡಿಸಿ ಹಿಡಿದು, ಇಸೊಗಾಯಿಯ ತಲೆಯ ಮೇಲೆ ಒಂದೊಂದಾಗಿ ಪೇರಿಸುತ್ತಿದ್ದಳು. ಆಕೆ ಕದಲದೆ ಕುಳಿತು ಸಹಕರಿಸುತ್ತಿದ್ದಳು. ಎಲ್ಲೆಲ್ಲೂ ನಗು, ಹಬೆ. ಕಿನುಯೊ ಮಾತ್ರ ಗಲ್ಲಾ ಮೇಲೆ ಕುಳಿತಲ್ಲೇ ಚಡಪಡಿಸುತ್ತಾ, ಬಾಗಿಲ ಪರದೆ ಸರಿದಾಗಲೆಲ್ಲ ಹೊರಗೆ ಕತ್ತು ಚಾಚುತ್ತಿದ್ದಳು. ಚಿಲ್ಲರೆ ಕೊಡುವ ಬದಲು ಒಬ್ಬನಿಗೆ ಸೋಪು ಕೊಟ್ಟಳು.

ಹೊನಾಮಿ ಬಟ್ಟೆ ಹಾಕಿಕೊಂಡು ಹೊರಬಂದವಳು ಕೇಳಿದಳು: "ಏನಾಯ್ತು, ಹುಷಾರಿಲ್ವಾ?"

"ಆಕಾಶ ಹುಷಾರಾಗಿದೆ, ಅದೇ ತೊಂದರೆ," ಎಂದಳು ಕಿನುಯೊ. "ಹೀಗೆ ತಿಳಿಯಾದ ಸಂಜೆ ದಿನಾ ಸಿಗಲ್ಲ. ಕಲ್ಲಿನ ಬೆಳಕು ಮತ್ತೆ ಇಳಿಯೋಕೆ ಶುರು ಮಾಡಿದೆ. ಒಂದು ಸುತ್ತಿಗೆ ತುದಿ ಎರಡು ಸಲ ಕಾಣತ್ತಲ್ಲ. ಈ ಎರಡನೇ ಇಳಿತವೂ ತಳ ಮುಟ್ಟಿ ಏಳೋದನ್ನ ನೋಡಿದ್ರೆ, ಅದರ ದಿನ ಇಷ್ಟುದ್ದ ಅಂತ ಗಟ್ಟಿಯಾಗಿ ಹೇಳ್ಬಹುದು. ಅದು ಬಿಟ್ರೆ 'ಎರಡು ತಿಂಗಳ ಮೇಲೆ' ಅಂತ ಗೊಣಗ್ಬೇಕು ಅಷ್ಟೆ."

"ನೋಡಿ ಮತ್ತೆ. ಇನ್ನೂ ಗೂಡು ಇದೆಯಲ್ಲ."

"ಗೂಡು ಇದೆ. ಕಲ್ಲು ಇರಲ್ಲ. ಈಗೀಗ ಬೇಗ ಬೇಗ ಮುಳುಗ್ತಿದೆ, ನಾನು ಬಾಗಿಲು ಹಾಕಿ ಮೇಲೆ ಹೋಗೋ ಹೊತ್ತಿಗೆ ಅದು ಪಡುವಣ ಗುಡ್ಡಕ್ಕೆ ಇಳಿದಿರತ್ತೆ. ಕತ್ತಲಾದ ಕೂಡ್ಲೇ ಹತ್ತಬೇಕು. ಚಿಮಣಿ ಉತ್ತರಕ್ಕಿದೆ, ಅದರ ಕಾಟ ಇಲ್ಲ. ಕಾಟ ಇರೋದು ಇವರದ್ದು." ಕಿಕ್ಕಿರಿದ ಎರಡೂ ಕಡೆಗೆ ಗದ್ದ ಎತ್ತಿ ತೋರಿಸಿದಳು. "ಸಂಜೆ ಹೊತ್ತಿಗೇ ಎಲ್ಲರೂ ಬರೋದು. ಗೆನ್ಪಾಚಿ ಒಲೆ ಬಿಟ್ಟು ಬರೋಹಾಗಿಲ್ಲ. ಇಸೊಗಾಯಿನ ಕೂರಿಸಿದ್ರೆ ಮಾತಾಡ್ತಾ ಮಾತಾಡ್ತಾ ಇಡೀ ಊರಿಗೆ ಬಿಟ್ಟಿ ಸ್ನಾನ ಮಾಡಿಸ್ತಾಳೆ."

"ಕೇಳಿಸ್ತು ನಂಗೆ!" ಎಂದು ಒಳಗಿನಿಂದ ಇಸೊಗಾಯಿ ಕೂಗಿದಳು. ತಲೆಯ ಮೇಲಿನ ಹಣ್ಣುಗಳು ನೀರಿಗುರುಳಿದ ಸದ್ದಾಯಿತು. ಅದರ ಹಿಂದೆಯೇ ಫುಕಿಯ ಕೇಕೆ.

ಕಿನುಯೊ ಗಲ್ಲಾದಿಂದ ಕೆಳಗಿಳಿದಳು. ತಾನು ಕೂರುವ ದಿಂಬನ್ನು ತಟ್ಟಿ ಧೂಳು ಕೊಡವಿದಳು, ಮಗುಚಿ ಹಾಕಿದಳು. ಆಗಲೇ ಭುಜಕ್ಕೆ ದಪ್ಪ ಅಂಗಿ ಏರಿಸಿಕೊಂಡಿದ್ದಳು.

"ಹೊನಾಮಿ-ಸಾನ್," ಎಂದಳು, ಹೆಸರು ಹಿಡಿದು, ಗೌರವ ಸೇರಿಸಿ.

ಹೊನಾಮಿ ತಲೆ ಎತ್ತಿದಳು.

"ಗಂಡಸರ ಕಡೆ ಕಣ್ಣು ಬೀಳತ್ತಲ್ಲಾ ಅಂತ ನಾಚ್ಕೋಬೇಡ. ನಾನು ಮದ್ವೆಗೆ ಮುಂಚಿನಿಂದ ನೋಡ್ತಿದೀನಿ, ಅಲ್ಲಿ ನೋಡೋ ಅಂಥದ್ದು ಏನೂ ಇಲ್ಲ. ಫುಕಿ ಊಟ ಇಲ್ಲೇ ನಮ್ಮ ಜೊತೆ ಆಗಲಿ. ಇವತ್ತಿಂದ ಶುರು ಮಾಡಿ, ಕಲ್ಲು ತಳ ಮುಟ್ಟಿ ಮೇಲೇಳೋವರೆಗೆ, ಆಕಾಶ ತಿಳಿಯಾಗಿರೋ ಸಂಜೆಗಳಲ್ಲಿ ನನ್ನ ಬದಲು ಇಲ್ಲಿ ಕೂತ್ಕೋತೀಯಾ?"